ದೇವರ ಮುಂದೆ, ಗುಡಿಯ ಹೊರಗೆ

ಜನಪದ ಸಂಗೀತವನ್ನು ಕಿವಿಯೊಂದರಿಂದಲೇ ತಿಳಿಯಬಲ್ಲೆವೆಂದು ಭಾವಿಸುವವರು, ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಗಳ ಸುತ್ತಣ ಹಳ್ಳಿಗಳಲ್ಲಿ ಗ್ರಾಮದೇವತೆಯ ಜಾತ್ರೆಯ ರಾತ್ರಿ ತಮಟೆಯ ತಂಡವೊಂದು ಬೀದಿಗಿಳಿಯುವುದನ್ನು ಕಂಡವರಲ್ಲವೆಂದೇ ಹೇಳಬೇಕು. ವೀಣೆಯನ್ನಾಗಲಿ ಪಿಟೀಲನ್ನಾಗಲಿ ಕಣ್ಣು ಮುಚ್ಚಿ ಕೇಳಿ ಅದರ ಸಾರವನ್ನು ಬಹುಮಟ್ಟಿಗೆ ಪಡೆಯಬಹುದು. ತಮಟೆಯಾದರೋ ಬಾರಿಸುವವನ ಹೆಜ್ಜೆ, ಬಾಗಿದ ಬೆನ್ನು, ಎದುರು ಬದುರಾಗಿ ನಿಂತ ಎರಡು ಸಾಲುಗಳ ಸವಾಲು ಜವಾಬು, ಬೀದಿಯ ಮೂಲೆಯಲ್ಲಿ ಉರಿಯುವ ಹುಲ್ಲಿನ ಬೆಂಕಿ, ಇವೆಲ್ಲವೂ ಕೂಡಿದಾಗ ಮಾತ್ರ ಪೂರ್ಣವಾಗುವ ಕಲೆ. ಆದಕಾರಣ, ಜನಪದ ಗಾಯನದ ತಂಡಗಳು ತಮ್ಮ ಹಾಡುಗಳಿಗೆ ವಿಡಿಯೋಗಳನ್ನು ಮಾಡಿಸಿ ಲೋಕದ ಮುಂದಿಡುವುದು ವಾಡಿಕೆಯಾಗಿರುವ ಈ ಕಾಲದಲ್ಲಿ, ಅಂಥ ಚಿತ್ರವು ತಾನು ಯಾವ ಸಂಗೀತಪ್ರಕಾರಕ್ಕೆ ಸೇರಿದುದೋ ಅದರ ನಿಜವಾದ ಲಕ್ಷಣವನ್ನು ಎಷ್ಟರಮಟ್ಟಿಗೆ ತೋರುತ್ತದೆ, ಏನನ್ನು ಮರೆಮಾಚುತ್ತದೆ ಎಂದು ಪರೀಕ್ಷಿಸಬಯಸುವವನಿಗೆ ತಮಟೆಯ ಚರಿತ್ರೆಗಿಂತ ಉತ್ತಮವಾದ ಒರೆಗಲ್ಲು ನಮ್ಮ ಸೀಮೆಯಲ್ಲಿಲ್ಲ.

ಈ ನಾಲ್ಕು ಊರುಗಳೂ 2007ರವರೆಗೆ ಕೋಲಾರ ಜಿಲ್ಲೆಯ ಅಂಗಗಳಾಗಿದ್ದುವು. ಆ ವರ್ಷ ಚಿಕ್ಕಬಳ್ಳಾಪುರವು ಬೇರೆ ಜಿಲ್ಲೆಯಾಯಿತು. ಕಡತದಲ್ಲಿ ಗೆರೆ ಬಿದ್ದಿತೇ ಹೊರತು ಜನರ ಹಾಡು, ಹಬ್ಬ, ಬಾಂಧವ್ಯಗಳಲ್ಲಿ ಬೀಳಲಿಲ್ಲ. ಮನೆಯಲ್ಲಿ ತೆಲುಗು, ಪಾಠಶಾಲೆಯಲ್ಲಿ ಕನ್ನಡ ಆಡುವ ಕುಟುಂಬಗಳು ಇಲ್ಲಿ ಹೇರಳ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಎರಡು ಪಿನಾಕಿನಿಗಳಲ್ಲಿ ಉತ್ತರದ್ದು ಗೌರಿಬಿದನೂರಿನ ಮಾರ್ಗವಾಗಿ ಆಂಧ್ರವನ್ನೂ ದಕ್ಷಿಣದ್ದು ತಮಿಳುನಾಡನ್ನೂ ಸೇರುತ್ತವೆ. ವಾದ್ಯದ ವಿಷಯವೂ ಹಾಗೆಯೇ: ಇಲ್ಲಿ ತಮಟೆಯೆನಿಸಿದುದೇ ಗಡಿಯಾಚೆಯ ಆಂಧ್ರದಲ್ಲಿ ಡಪ್ಪು, ತಮಿಳು ನಾಡಿನಲ್ಲಿ ಪರೈ. ಮೂರು ಭಾಷೆಗಳ ಜನ ಮೂರು ಹೆಸರಿನಿಂದ ಕರೆದರೂ ಅದನ್ನು ಕಟ್ಟುವ ಕ್ರಮ, ಹಿಡಿಯುವ ಭಂಗಿ, ಅದನ್ನು ಹೊತ್ತವರು ಅನುಭವಿಸಿದ ಅವಮಾನ ಇವುಗಳಲ್ಲಿ ಹೆಚ್ಚಿನ ಭೇದವಿಲ್ಲ.

ತಮಟೆಯ ರಚನೆ ನೋಡುವುದಕ್ಕೆ ಸರಳ. ಮರದ ಪಟ್ಟಿಯನ್ನು ಬಾಗಿಸಿ ಮಾಡಿದ ಬಳೆಗೆ, ಇತ್ತೀಚೆಗೆ ಹೆಚ್ಚಾಗಿ ಕಬ್ಬಿಣದ ಬಳೆಗೆ, ಹದಮಾಡಿದ ಮೇಕೆಯ ಅಥವಾ ಕರುವಿನ ಚರ್ಮವನ್ನು ಬಿಗಿದು, ಹುಣಸೆಬೀಜವನ್ನು ಅರೆದು ಕಾಸಿದ ಅಂಟಿನಿಂದ ಅಂಚುಗಳನ್ನು ಕೂಡಿಸುತ್ತಾರೆ. ಹೊಲದ ಬದುಗಳಲ್ಲಿ ಹುಣಸೆಮರಗಳು ಸಾಲಾಗಿ ನಿಂತ ಈ ನಾಡಿನಲ್ಲಿ ಅಂಟಿಗೆ ಬರವಿಲ್ಲ. ಒಂದೇ ಮುಖ; ಹಿಂಭಾಗ ಬರಿದು. ಎಡಭುಜಕ್ಕೆ ಇಳಿಬಿಟ್ಟು, ಎಡಗೈಯ ಒತ್ತಿನಿಂದ ಎದೆಯ ಬದಿಗೆ ಅವುಚಿಕೊಂಡು, ಎಡಗೈಯಲ್ಲಿ ಉದ್ದನೆಯ ತೆಳುಕಡ್ಡಿಯನ್ನೂ ಬಲಗೈಯಲ್ಲಿ ಗಿಡ್ಡನೆಯ ದಪ್ಪಕಡ್ಡಿಯನ್ನೂ ಹಿಡಿದು ಬಾರಿಸುವಾಗ, ತೆಳುಕಡ್ಡಿಯ ಚುರುಕಾದ ಸಪ್ಪಳವೂ ದಪ್ಪಕಡ್ಡಿಯ ತುಂಬುನಾದವೂ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ವರಸೆಯೆಂದೂ ಗತ್ತೆಂದೂ ಬಾರಿಸುವವರು ಕರೆಯುವ ಆ ಹೆಣಿಗೆಗಳು ಸಂದರ್ಭಕ್ಕೆ ತಕ್ಕಂತೆ ಬೇರೆ ಬೇರೆಯಾಗಿದ್ದು, ದೇವರು ಹೊರಡುವಾಗಿನದು ಒಂದಾದರೆ, ತಂಬಿಟ್ಟಿನ ದೀಪಗಳನ್ನು ತಲೆಯ ಮೇಲೆ ಹೊತ್ತ ಹೆಂಗಸರು ಗಂಗಮ್ಮನ ಗುಡಿಯ ಕಡೆಗೆ ನಡೆಯುವಾಗಿನದು ಇನ್ನೊಂದು. ಮದುವೆಯ ಮೆರವಣಿಗೆಯದು ಮತ್ತೊಂದು. ಹೆಣವನ್ನು ಹೊತ್ತು ಸಾಗುವಾಗಿನದು ಇವೆಲ್ಲಕ್ಕೂ ಹೊರತಾದದ್ದು. ಊರಿನ ಹಿರಿಯರು ಮನೆಯೊಳಗೆ ಕುಳಿತೇ, ದೂರದಿಂದ ಬಂದ ಸದ್ದನ್ನು ಆಲಿಸಿ, ಬೀದಿಯಲ್ಲಿ ನಡೆಯುತ್ತಿರುವುದು ಶುಭವೋ ಅಶುಭವೋ ಎಂಬುದನ್ನು ಹೇಳುತ್ತಿದ್ದರು.

ಬೆಂಕಿಯ ಮಾತನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಚರ್ಮವು ರಾತ್ರಿಯ ತೇವಕ್ಕೆ ಸಡಿಲಗೊಂಡಾಗ ನಾದ ಇಂಗುತ್ತದೆ. ಆಗ ಬಾರಿಸುವವರು ಮೆರವಣಿಗೆಯಿಂದ ಒಂದಿಷ್ಟು ಸರಿದು, ಹುಲ್ಲನ್ನೋ ಒಣಗಿದ ಗರಿಯನ್ನೋ ಹೊತ್ತಿಸಿ, ತಮಟೆಯ ಮುಖವನ್ನು ಜ್ವಾಲೆಗೆ ಒಡ್ಡಿ, ಬೆರಳಿನಿಂದ ತಟ್ಟಿ ನೋಡಿ, ಮತ್ತೆ ಒಡ್ಡಿ, ಬೇಕಾದ ಬಿಗಿ ಬಂದ ಮೇಲೆ ಸಾಲಿಗೆ ಮರಳುತ್ತಾರೆ. ಸಂಗೀತಗಾರನು ತಂಬೂರಿಯ ತಂತಿಗಳನ್ನು ಶ್ರುತಿಗೂಡಿಸುವಷ್ಟೇ ಶ್ರದ್ಧೆಯ ಕಾರ್ಯವಿದು. ಎಷ್ಟು ಕಾಯಿಸಿದರೆ ಚರ್ಮ ಹಾಡೀತು, ಎಷ್ಟಾದರೆ ಸೀಳೀತು ಎಂಬ ಅರಿವು ಪುಸ್ತಕದಿಂದ ಬರತಕ್ಕುದಲ್ಲ. ಪ್ಲಾಸ್ಟಿಕ್ ಹಾಳೆ ಹೊದಿಸಿದ ತಮಟೆಗಳು ಬಂದ ಮೇಲೆ ಈ ಶ್ರಮ ತಪ್ಪಿದೆ. ಮಳೆಗೂ ಮಂಜಿಗೂ ಅವು ಬೆದರುವುದಿಲ್ಲ. ಕಾಸಿಲ್ಲದ ತಂಡಕ್ಕೆ ಅದೊಂದು ಅನುಕೂಲವೇ ಸರಿ. ಆದರೆ ಅದರ ಸದ್ದು ರಾತ್ರಿಯುದ್ದಕ್ಕೂ ಒಂದೇ ಬಗೆಯದು. ಚರ್ಮದ ತಮಟೆ ಕಾವೇರುತ್ತ ಇಳಿಯುತ್ತ ಪಡೆಯುವ ಬಣ್ಣಗಳು ಅದಕ್ಕಿಲ್ಲ.

ಇಂಥ ಕಲೆಯನ್ನು ಬಲ್ಲವರು ಶತಮಾನಗಳ ಕಾಲ ಕಲಾವಿದರೆನಿಸದೆ ಹೋದುದೇಕೆ ಎಂಬುದನ್ನು ತಿಳಿಯಬೇಕಾದರೆ ಹಳೆಯ ಗ್ರಾಮವ್ಯವಸ್ಥೆಯನ್ನು ನೋಡಬೇಕು. ತಮಟೆಯನ್ನು ಬಾರಿಸುತ್ತಿದ್ದವರು ಬಹುಮಟ್ಟಿಗೆ ಮಾದಿಗ ಸಮುದಾಯದವರು. ಸತ್ತ ದನವನ್ನು ಸಾಗಿಸುವುದು, ಚರ್ಮ ಹದಮಾಡುವುದು, ಡಂಗುರ ಸಾರುವುದು, ಊರ ಕಾವಲು, ಸರ್ಕಾರದ ಅಧಿಕಾರಿ ಬಂದಾಗಿನ ಚಾಕರಿ ಮುಂತಾದ ಕೆಲಸಗಳೊಡನೆ ತಮಟೆಯೂ ಹುಟ್ಟಿನಿಂದಲೇ ಹೆಗಲಿಗೇರುತ್ತಿತ್ತು. ಸುಗ್ಗಿಯಲ್ಲಿ ಕಣದ ಬಳಿ ದೊರೆಯುವ ರಾಗಿಯ ಆಯವೇ ಅದಕ್ಕೆ ಪ್ರತಿಫಲ. ತೋಟಿ, ತಳವಾರರೆಂಬ ಗ್ರಾಮಸೇವಕರಿಗೆ ಇನಾಮಿನ ತುಂಡುನೆಲವೂ ಉಂಟು. ಆ ನೆಲವನ್ನು ಉಳಿಸಿಕೊಳ್ಳಬೇಕಾದರೆ ಕರೆದಾಗ ಬರಬೇಕು, ಬಾರಿಸೆಂದಾಗ ಬಾರಿಸಬೇಕು. ಬಾರೆನೆಂಬ ಮಾತಿಗೆ ಅಲ್ಲಿ ಅವಕಾಶವಿರಲಿಲ್ಲ. 1961ರಲ್ಲಿ ಮೈಸೂರು ರಾಜ್ಯದ ಶಾಸನಸಭೆಯು ಗ್ರಾಮಾಧಿಕಾರಗಳ ರದ್ದಿಯ ಕಾಯಿದೆಯನ್ನು ಮಾಡಿ ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗೊಳಿಸಿದಾಗ, ಶಾನುಭೋಗಿಕೆ ಪಟೇಲಿಕೆಗಳು ಹೋದುದರ ವಿಚಾರವಾಗಿ ಎಷ್ಟೋ ಮಂದಿ ಬರೆದರು, ಮರುಗಿದರು. ಆದರೆ ತೋಟಿಯ ಹುದ್ದೆಯೂ ಅದೇ ಲೇಖನಿಯಿಂದ ಹೋಯಿತೆಂಬುದನ್ನೂ, ತಮಟೆಗೂ ನೆಲಕ್ಕೂ ಇದ್ದ ಕಟ್ಟು ಕಾನೂನಿನ ದೃಷ್ಟಿಯಿಂದ ಅಂದಿಗೆ ಕಡಿಯಿತೆಂಬುದನ್ನೂ ಗಮನಿಸಿದವರು ವಿರಳ. ಕಾನೂನು ಕಡಿದುದನ್ನು ರೂಢಿ ಇನ್ನೂ ಬಹುಕಾಲ ಹಿಡಿದುಕೊಂಡಿತ್ತು. ಕೆಲವು ಕಡೆ ಇಂದಿಗೂ ಹಿಡಿದಿದೆ.

ಉತ್ಸವದ ದಿನ ಈ ವ್ಯವಸ್ಥೆಯ ಸ್ವರೂಪವೆಲ್ಲ ಕಣ್ಣಿಗೆ ಕಟ್ಟುತ್ತಿತ್ತು. ದೇವರ ಮುಂದೆ ಎಲ್ಲರಿಗಿಂತ ಮೊದಲು ನಡೆಯುವವನು ತಮಟೆಯವನು. ಅವನು ಬಾರಿಸದೆ ದೇವರು ಹೆಜ್ಜೆಯಿಡುವಂತಿಲ್ಲ. ಅವನ ಗತ್ತು ಏರಿದಂತೆಲ್ಲ ಉತ್ಸವಮೂರ್ತಿಯನ್ನು ಹೊತ್ತವರ ಕಾಲುಗಳು ಕುಣಿಯುತ್ತವೆ. ಆದರೆ ಮೆರವಣಿಗೆಯು ಗುಡಿಯ ಬಾಗಿಲಿಗೆ ಬಂದೊಡನೆ ಆತ ಪಕ್ಕಕ್ಕೆ ಸರಿಯುತ್ತಾನೆ, ಹಿಂದೆ ಬಂದವರೆಲ್ಲ ಒಳಗೆ ಹೋಗುತ್ತಾರೆ, ಮೊದಲು ಬಂದವನು ಹೊರಗೆ ನಿಲ್ಲುತ್ತಾನೆ. ತಮಟೆಯ ಸಂಗೀತವನ್ನು ಚಿತ್ರಿಸಹೊರಟ ಯಾವನೇ ಆಗಲಿ, ಈ ಒಂದು ಸ್ಥಾನವಿಪರ್ಯಾಸವನ್ನು ತನ್ನ ಚೌಕಟ್ಟಿನೊಳಗೆ ತರಲಾರದೆ ಹೋದರೆ, ಬಣ್ಣಗಳನ್ನೆಷ್ಟು ತುಂಬಿದರೂ ಆ ಪ್ರಕಾರದ ಹೃದಯವನ್ನು ಬಿಟ್ಟನೆಂದೇ ನನ್ನ ಅಭಿಪ್ರಾಯ.

ಇದೇ ಸೀಮೆಯಲ್ಲಿ ತಮಟೆಗೆ ಎದುರಾಗಿ ನಿಲ್ಲಿಸಬಹುದಾದ ಇನ್ನೊಂದು ಹಾಡಿನ ಪರಂಪರೆಯಿದೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು, ಯೋಗಿ ನಾರೇಯಣರೆಂದು ಪೂಜಿತರಾದವರು, ಬಳೆ ಮಾರುವ ವೃತ್ತಿಯಿಂದ ವೈರಾಗ್ಯಕ್ಕೆ ತಿರುಗಿದವರು. 1726ರಿಂದ 1836ರವರೆಗೆ ನೂರಹತ್ತು ವರ್ಷ ಬಾಳಿದರೆಂದು ಭಕ್ತರ ನಂಬಿಕೆ. ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಅವರು ರಚಿಸಿದ ತತ್ತ್ವಪದಗಳು ಏಕತಾರಿ, ಚಿಟಿಕೆ, ತಾಳಗಳೊಡನೆ ಭಜನೆಯ ಮನೆಗಳಲ್ಲಿ ಬಾಯಿಂದ ಬಾಯಿಗೆ ಹರಿದು ಬಂದಿವೆ. ಗುರುಪೂರ್ಣಿಮೆಯ ಕಾಲದಲ್ಲಿ ಕೈವಾರದಲ್ಲಿ 72 ಗಂಟೆಗಳ ಅಖಂಡ ಸಂಗೀತ ನಡೆಯುತ್ತದೆ. 1961ರಲ್ಲಿ ಟಿ. ವಿ. ಸಿಂಗ್ ಠಾಕೂರರ ನಿರ್ದೇಶನದಲ್ಲಿ, ಜಿ. ಕೆ. ವೆಂಕಟೇಶರ ಸಂಗೀತದಲ್ಲಿ, ರಾಜಕುಮಾರರು ನಟಿಸಿದ ‘ಕೈವಾರ ಮಹಾತ್ಮೆ’ ಚಲನಚಿತ್ರ ಹೊರಬಂದಿತು. ಈ ಸೀಮೆಯ ಹಾಡಿನ ಪರಂಪರೆಯೊಂದನ್ನು ಬೆಳ್ಳಿತೆರೆಗೆ ತಂದ ಆ ಪ್ರಯತ್ನವನ್ನು ಆದರದಿಂದ ನೆನೆಯಬೇಕು. ಹಾಡನ್ನು ಮೊದಲೇ ಸ್ಟುಡಿಯೋದಲ್ಲಿ ಮುದ್ರಿಸಿ, ಅನಂತರ ನಟನ ತುಟಿಯನ್ನು ಅದಕ್ಕೆ ಹೊಂದಿಸುವುದು ಆ ಕಾಲದ ಚಿತ್ರೋದ್ಯಮದ ಪದ್ಧತಿ. ತತ್ತ್ವಪದಕ್ಕೆ ಇದರಿಂದಾಗುವ ಹಾನಿ ಅಲ್ಪ; ಏಕೆಂದರೆ ಅದರ ಪ್ರಾಣ ಮಾತಿನಲ್ಲಿದೆ, ಮಾತು ಯಾವ ಕಂಠದಿಂದ ಬಂದರೂ ಅರ್ಥವು ಕೇಳುಗನನ್ನು ಮುಟ್ಟುತ್ತದೆ. ಅದೇ ಪದ್ಧತಿಯನ್ನು ತಮಟೆಗೆ ಅನ್ವಯಿಸಿದಾಗ, ಎಲ್ಲೋ ಮುದ್ರಿತವಾದ ಪೆಟ್ಟು, ಇನ್ನೆಲ್ಲೋ ಬೀಸುವ ಕೈ, ಇವೆರಡರ ನಡುವೆ ಬೀದಿಯೂ ಬೆಂಕಿಯೂ ದಣಿವೂ ಕಳೆದುಹೋಗಿ, ಉಳಿಯುವುದು ಕುಣಿತದ ಅಲಂಕಾರ ಮಾತ್ರ.

ಸಿನಿಮಾ ತೋಳೆತ್ತಿ ಸ್ವೀಕರಿಸಿದುದು ಈ ಅಲಂಕಾರವನ್ನೇ. ನಾಯಕನ ಪ್ರವೇಶಕ್ಕೆ, ಜಾತ್ರೆಯ ಗದ್ದಲಕ್ಕೆ, ಹೊಡೆದಾಟದ ಮುನ್ಸೂಚನೆಗೆ ತಮಟೆ ಬಂದಿತು. ಬಾರಿಸುವವನ ಮುಖ ಬರಲಿಲ್ಲ. ಇದಕ್ಕೆ ಘನವಾದ ಅಪವಾದವೊಂದುಂಟು. ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಆಧರಿಸಿ ಬಿ. ವಿ. ಕಾರಂತರು 1975ರಲ್ಲಿ ನಿರ್ದೇಶಿಸಿದ ‘ಚೋಮನ ದುಡಿ’ಯಲ್ಲಿ ಚರ್ಮವಾದ್ಯವು ಹಿನ್ನೆಲೆಯಿಂದ ಮುನ್ನೆಲೆಗೆ ಬಂದು, ಉಳಲು ನೆಲವಿಲ್ಲದ ಮನುಷ್ಯನೊಬ್ಬನ ದುಃಖಕ್ಕೂ ಕೋಪಕ್ಕೂ ಏಕೈಕ ಭಾಷೆಯಾಗಿ ನಿಂತಿತು, ರಾಷ್ಟ್ರದ ಸ್ವರ್ಣಕಮಲವೂ ಅದಕ್ಕೆ ಸಂದಿತು. ಅದರ ಕಥೆ ಕರಾವಳಿಯದು, ಅದರ ವಾದ್ಯ ದುಡಿ. ಆದರೂ ವಾದ್ಯವನ್ನು ಹೇಗೆ ನೋಡಬೇಕೆಂಬುದನ್ನು ಕಲಿಯಲಿಚ್ಛಿಸುವ ಬಯಲುಸೀಮೆಯ ಚಿತ್ರಕಾರನಿಗೆ ಅದಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗದು.

1970ರ ದಶಕದಲ್ಲಿ ದಲಿತ ಚಳವಳಿ ಬೆಳೆದಾಗ ತಮಟೆಯ ಪ್ರಶ್ನೆ ಕ್ಲಿಷ್ಟವಾಯಿತು. ಇದು ದಾಸ್ಯದ ಗುರುತು, ಇದನ್ನು ಮುಟ್ಟತಕ್ಕದ್ದಲ್ಲ ಎಂದವರಿದ್ದರು. ಕರೆದರೆ ಹೋಗೆವು, ಸಾವಿಗೂ ಬಾರಿಸೆವು ಎಂದು ನಿಂತ ಹಳ್ಳಿಗಳಿದ್ದುವು. ಹಾಗೆ ನಿಂತವರು ತೆತ್ತ ಬೆಲೆ ಸಾಮಾನ್ಯವಾದುದಲ್ಲ. ಇದು ನಮ್ಮ ತಾತಂದಿರ ವಿದ್ಯೆ, ಅವಮಾನ ಬಿಡೋಣ, ವಿದ್ಯೆ ಬಿಡುವುದೇಕೆ ಎಂದವರೂ ಇದ್ದರು. ಎರಡು ಪಕ್ಷಗಳಲ್ಲಿಯೂ ಸತ್ಯವಿತ್ತು; ಕಾಲಕ್ರಮದಲ್ಲಿ ಎರಡನೆಯದು ಮೇಲಾಯಿತು. ಕೋಲಾರದ ಸೀಮೆಯಲ್ಲಿ ಹೋರಾಟದ ಹಾಡಿಗೆ ತಮಟೆಯೇ ಜೊತೆಯಾಯಿತು. ಪಿಚ್ಚಳ್ಳಿ ಶ್ರೀನಿವಾಸರಂಥ ಗಾಯಕರು ಆ ಹಾಡುಗಳನ್ನು ಊರೂರಿಗೆ ಒಯ್ದರು. ಕೋಟಿಗಾನಹಳ್ಳಿ ರಾಮಯ್ಯನವರು ತೇರಹಳ್ಳಿ ಬೆಟ್ಟದ ಮೇಲೆ ಕಟ್ಟಿದ ‘ಆದಿಮ’ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆಯ ರಾತ್ರಿಗಳು ಹಾಡಿಗೂ ನಾಟಕಕ್ಕೂ ಮೀಸಲಾದುವು. ಗಡಿಯಾಚೆಯಿಂದ ತೆಲುಗಿನ ಹೋರಾಟದ ಹಾಡುಗಾರ ಗದ್ದರರ ಪ್ರಭಾವ ಬಂದಿತು: ಹೆಗಲ ಮೇಲೆ ಕಂಬಳಿ, ಕಾಲಿಗೆ ಗೆಜ್ಜೆ, ಕೈಯಲ್ಲಿ ಕೋಲು. 1994ರಲ್ಲಿ ಆಂಧ್ರದಲ್ಲಿ ಮೊದಲಾದ ಮಾದಿಗ ದಂಡೋರ ಚಳವಳಿಯು ಡಪ್ಪನ್ನೇ ತನ್ನ ಲಾಂಛನವಾಗಿ ಎತ್ತಿ ಹಿಡಿಯಿತು. ಊರಿನ ಆಜ್ಞೆಯನ್ನು ಸಾರುತ್ತಿದ್ದ ವಾದ್ಯ ಈಗ ತನ್ನ ಜನರ ಆಗ್ರಹವನ್ನು ಸಾರತೊಡಗಿತು. ಆದರೆ ಮಾರ್ಪಾಡು ಎಲ್ಲರ ಎದೆಯಲ್ಲಿಯೂ ಆಗಿರಲಿಲ್ಲವೆಂಬುದಕ್ಕೆ 2000ನೆಯ ಇಸವಿಯ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟ ಘೋರವೇ ಸಾಕ್ಷಿ. ಈ ನೆಲದ ಸಂಗೀತವನ್ನು ಬರಿಯ ಉಲ್ಲಾಸದ ಸಂಗೀತವೆಂದು ಚಿತ್ರಿಸುವವರು ಆ ಹೆಸರನ್ನು ಮರೆಯಲಾಗದು.

ಈ ನಡುವೆ ಬೆಂಗಳೂರಿನಲ್ಲಿ ಬೇರೊಂದು ಬಗೆಯ ಜನಪದ ತಂಡಗಳು ಹುಟ್ಟಿದುವು. ಗಿಟಾರು, ಡ್ರಮ್ಮುಗಳೊಡನೆ ಶಿಶುನಾಳ ಶರೀಫರ ಪದಗಳನ್ನು ಹಾಡಿದ ರಘು ದೀಕ್ಷಿತರ ತಂಡದ ಮೊದಲ ಆಲ್ಬಂ 2008ರಲ್ಲಿ, ‘ಸ್ವರಾತ್ಮ’ ತಂಡದ್ದು 2009ರಲ್ಲಿ ಬಂದುವು. ಪಂಚೆಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ರಘು ದೀಕ್ಷಿತರು 2010ರಲ್ಲಿ ಬ್ರಿಟನ್ನಿನ ಬಿಬಿಸಿ ವಾಹಿನಿಯವರೆಗೆ ಹೋದರು. ಸ್ವರಾತ್ಮದವರು ನಮ್ಮ ಜಾತ್ರೆಗಳ ಕೀಲುಕುದುರೆಯನ್ನು ನೆನಪಿಸುವ ಬಟ್ಟೆಯ ಕುದುರೆಯನ್ನು ವೇದಿಕೆಗೆ ತಂದರು. ಊರಿನ ಹಾಡು ನಾಚಿಕೆಯ ವಸ್ತುವೆಂದು ತಿಳಿದಿದ್ದ ನಗರದ ತರುಣರಿಗೆ ಅದರಲ್ಲಿ ಹೆಮ್ಮೆ ಹುಟ್ಟಿಸಿದ ಉಪಕಾರ ಇವರದು. ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಪಂಚೆ, ಗೆಜ್ಜೆ, ಕುದುರೆ ಇವು ಪ್ರಕಾರದ ಚಿಹ್ನೆಗಳು. ನೋಡುಗನು ಅವುಗಳ ಮೂಲಕ ಇದು ಜನಪದವೆಂದು ಗುರುತಿಸುತ್ತಾನೆ. ಶರೀಫರ ಪದಕ್ಕೆ ಆ ಚಿಹ್ನೆಗಳು ಸಾಕಾಗುತ್ತವೆ, ಏಕೆಂದರೆ ಅದರ ಕರ್ತೃವನ್ನು ಲೋಕವು ಹೆಸರಿನಿಂದ ಬಲ್ಲುದು, ಅದರ ಅರ್ಥವನ್ನು ಯಾರು ಬೇಕಾದರೂ ಒಯ್ಯಬಹುದು. ತಮಟೆಯ ವರಸೆಗೆ ಕರ್ತೃವಿನ ಹೆಸರಿಲ್ಲ. ಬಾರಿಸುವವನೇ ಅದರ ಹಸ್ತಪ್ರತಿ. ಅವನನ್ನು ತೆಗೆದು ಚಿಹ್ನೆಯನ್ನು ಮಾತ್ರ ಇಟ್ಟುಕೊಳ್ಳುವ ವಿಡಿಯೋ, ಪ್ರಕಾರವನ್ನು ಪ್ರತಿಬಿಂಬಿಸುವುದಿಲ್ಲ, ಬಳಸಿಕೊಳ್ಳುತ್ತದೆ.

ಹಳ್ಳಿಯ ತಂಡಗಳೇ ಈಚೆಗೆ ತಮ್ಮನ್ನು ತಾವು ಚಿತ್ರಿಸಿಕೊಳ್ಳುತ್ತಿರುವ ಮೊಬೈಲ್ ವಿಡಿಯೋಗಳನ್ನು ನಾನು ಈ ದೃಷ್ಟಿಯಿಂದ ಆಸಕ್ತಿಯಿಂದ ನೋಡುತ್ತೇನೆ. ಒಂದೇ ಬಣ್ಣದ ಅಂಗಿ, ತಲೆಗೆ ಪೇಟ, ತಮಟೆಯ ಬಳೆಯ ಮೇಲೆ ಬರೆಯಿಸಿದ ತಂಡದ ಹೆಸರು: ಇವನ್ನು ಕಂಡು ಜಾನಪದದ ಶುದ್ಧಿ ಕೆಟ್ಟಿತೆಂದು ಕೆಲವರು ಮುಖ ಸಿಂಡರಿಸುವುದುಂಟು. ಅದು ಸರಿಯಲ್ಲ. ಹೆಸರಿಲ್ಲದೆ ಕರೆಯಲ್ಪಡುತ್ತಿದ್ದವರು ಹೆಸರು ಬರೆಯಿಸಿಕೊಂಡರು. ಆಯಕ್ಕೆ ಕಾಯುತ್ತಿದ್ದವರು ವೀಳ್ಯದೊಡನೆ ಮುಂಗಡ ಕೇಳುವಂತಾದರು. ಇದೂ ಚರಿತ್ರೆಯೇ, ಬಹುಶಃ ಅದರ ಅತ್ಯಂತ ಗೌರವದ ಅಧ್ಯಾಯ. ಕ್ಯಾಮೆರಾ ಕದಲಿದರೂ, ಬೆಳಕು ಸಾಲದಿದ್ದರೂ, ಆ ಚಿತ್ರಗಳಲ್ಲಿ ಪೆಟ್ಟೂ ಕೈಯೂ ಒಂದೇ ಕ್ಷಣದವು. ದಣಿದವನು ಸಾಲಿನಿಂದ ಸರಿಯುವುದೂ ಮತ್ತೊಬ್ಬನು ಆ ಜಾಗವನ್ನು ತುಂಬುವುದೂ ಕಾಣುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ, ತಮಟೆಯ ಸಾಧನೆಗಾಗಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವವೂ 2023ರಲ್ಲಿ ಪದ್ಮಶ್ರೀಯೂ ಸಂದಾಗ, ಗುಡಿಯ ಬಾಗಿಲಲ್ಲಿ ನಿಲ್ಲಿಸಲ್ಪಡುತ್ತಿದ್ದ ವಾದ್ಯವು ರಾಷ್ಟ್ರದ ಅತ್ಯುನ್ನತ ಭವನದೊಳಕ್ಕೆ ಗೌರವದಿಂದ ಪ್ರವೇಶಿಸಿತು. ಆ ಸುದ್ದಿ ಕೇಳಿ ನನಗಾದ ಸಂತೋಷವನ್ನು ಮರೆಮಾಡಬೇಕಾದ ಕಾರಣವಿಲ್ಲ.

ಆದರೂ ಈ ಎಲ್ಲ ಚಿತ್ರಗಳೂ, ಸಿನಿಮಾದವಾಗಲಿ ನಗರದ ತಂಡದವಾಗಲಿ ಹಳ್ಳಿಯವರವೇ ಆಗಲಿ, ಸಾಮಾನ್ಯವಾಗಿ ಬಿಟ್ಟುಬಿಡುವ ಭಾಗವೊಂದಿದೆ: ಸಾವಿನ ವರಸೆ. ಅಶುಭವೆಂಬ ಭಯದಿಂದ ವೇದಿಕೆಯಲ್ಲಿ ಅದನ್ನು ಬಾರಿಸುವುದಿಲ್ಲ, ಸ್ಪರ್ಧೆಗೆ ಕರೆಯುವುದಿಲ್ಲ, ವಿಡಿಯೋಗೆ ಯಾರೂ ಹಣ ಹೂಡುವುದಿಲ್ಲ. ಸ್ವಾಭಿಮಾನದ ಕಾರಣದಿಂದ ಎಷ್ಟೋ ತರುಣರು ಅದನ್ನು ಕಲಿಯಲೊಲ್ಲರು, ಅವರ ಒಲ್ಲೆನೆಂಬ ಮಾತನ್ನು ತಪ್ಪೆನ್ನುವ ಅಧಿಕಾರ ಯಾರಿಗೂ ಇಲ್ಲ. ಆದರೆ ಮನೆಯಿಂದ ಸುಡುಗಾಡಿನವರೆಗಿನ ದಾರಿಯಲ್ಲಿ, ಅಳುವವರ ಉಸಿರಿನ ವೇಗವನ್ನು ಅನುಸರಿಸಿ, ಹೆಣ ಎತ್ತುವಾಗ ಒಂದು, ಇಳಿಸುವಾಗ ಒಂದು, ಮಣ್ಣು ಹಾಕುವಾಗ ಇನ್ನೊಂದು ಎಂಬಂತೆ ಬದಲಾಗುವ ಆ ಗತ್ತುಗಳಲ್ಲಿ ತಮಟೆಯ ವಿದ್ಯೆಯ ಬಹುಭಾಗ ಅಡಗಿದೆ. ಅವನ್ನು ಬಲ್ಲವರು ವೃದ್ಧರಾಗಿದ್ದಾರೆ. ರಾಮನಗರದ ಜಾನಪದ ಲೋಕವಾಗಲಿ, ಕರ್ನಾಟಕ ಜಾನಪದ ಅಕಾಡೆಮಿಯಾಗಲಿ, ಸೀಮೆಯ ಕಾಲೇಜುಗಳಾಗಲಿ, ಈ ವೃದ್ಧರಿಗೆ ಕಲಾವಿದರಿಗೆ ಸಲ್ಲುವ ಸಂಭಾವನೆಯನ್ನಿತ್ತು, ಅವರ ಒಪ್ಪಿಗೆಯನ್ನು ಪಡೆದು, ಹುಲ್ಲಿಗೆ ಬೆಂಕಿ ತಗಲಿಸುವ ಕ್ಷಣದಿಂದ ಕೊನೆಯ ಪೆಟ್ಟಿನವರೆಗೆ ಎಲ್ಲಿಯೂ ಕತ್ತರಿಸದೆ, ಪ್ರತಿಯೊಂದು ವರಸೆಗೂ ಅವರು ಹೇಳುವ ಹೆಸರನ್ನೂ ಬಾರಿಸಿದವರ ಹೆಸರನ್ನೂ ನಮೂದಿಸಿ ಅದನ್ನು ಚಿತ್ರಿಸಿಡುವ ಕಾರ್ಯವನ್ನು ಇನ್ನು ತಡಮಾಡದೆ ಕೈಗೊಳ್ಳಬೇಕು.